ಆಶುಭಾಷಣ ಸ್ಪರ್ಧೆ: ‘ರಚನೆ ಸಾಲದು, ಶೈಲಿ ಸುಧಾರಿಸಿ’ ಅಂತ ಬರೆದುಕೊಟ್ಟರೆ ಏನು ಮಾಡಬೇಕು?

“ವಿಷಯ ಗೊತ್ತಿತ್ತು. ಎಲ್ಲೂ ತಡವರಿಸಲಿಲ್ಲ. ಸಮಯಕ್ಕೆ ಸರಿಯಾಗಿ ಮುಗಿಸಿದೆ. ಆದರೂ ನಾಲ್ಕನೇ ಸ್ಥಾನ. ತೀರ್ಪಿನ ಹಾಳೆಯಲ್ಲಿ ‘ರಚನೆ ಸಾಲದು, ಶೈಲಿ ಸುಧಾರಿಸಿ’ ಅಂತ ಒಂದೇ ಸಾಲು. ಇದರ ಅರ್ಥ ಏನು?”

ಈ ಪ್ರಶ್ನೆ ಬೇರೆ ಬೇರೆ ಓದುಗರಿಂದ ಎಷ್ಟು ಸಲ ಬಂದಿದೆಯೋ ಲೆಕ್ಕ ಇಟ್ಟಿಲ್ಲ. ಒಬ್ಬೊಬ್ಬರಿಗೆ ಒಂದೊಂದು ತುಣುಕು ಉತ್ತರ ಕೊಡುವುದಕ್ಕಿಂತ ಒಂದೇ ಕಡೆ ಪೂರ್ತಿ ಬರೆದುಬಿಡೋಣ ಅನ್ನಿಸಿತು.

ಮೊದಲೇ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ತೀರ್ಪುಗಾರರು ಶೈಲಿ ಅಂತ ದೂರುವುದರಲ್ಲಿ ಮುಕ್ಕಾಲು ಪಾಲು ನಿಜವಾಗಿ ರಚನೆಯ ದೋಷ. ಮುಂದೇನು ಹೇಳಬೇಕು ಅಂತ ಖಚಿತವಾಗಿ ಗೊತ್ತಿಲ್ಲದವರು ಕೈ ಹಿಸುಕುತ್ತಾರೆ, ವೇಗ ಜಾಸ್ತಿ ಮಾಡುತ್ತಾರೆ, ‘ಅಂದರೆ... ಅಂದರೆ’ ಅನ್ನುತ್ತಾರೆ. ಅವರಿಗೆ ಕೈ ಹೇಗಿಡಬೇಕು ಅಂತ ಹೇಳಿಕೊಟ್ಟು ಪ್ರಯೋಜನವಿಲ್ಲ. ಅದಕ್ಕೇ ಇಲ್ಲಿ ರಚನೆಗೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಮೊದಲು ನಿಯಮ

ಆಶುಭಾಷಣ ಅನ್ನೋ ಒಂದೇ ಹೆಸರಿನಲ್ಲಿ ಎರಡು ಬೇರೆ ಸ್ಪರ್ಧೆಗಳು ಓಡಾಡುತ್ತವೆ. ಒಂದರಲ್ಲಿ ವಿಷಯ ಸಿಕ್ಕ ಒಂದೆರಡು ನಿಮಿಷದಲ್ಲೇ ಎದ್ದು ಮಾತಾಡಬೇಕು. ಅದು ಇಂಪ್ರಾಂಪ್ಟು. ಇನ್ನೊಂದರಲ್ಲಿ ತಯಾರಿಗೆ ಅರ್ಧ ಗಂಟೆ ಸಿಗುತ್ತದೆ. ಅದು ಎಕ್ಸ್‌ಟೆಂಪ್. ಈ ಲೇಖನ ಎರಡನೆಯದರ ಬಗ್ಗೆ.

ಎಕ್ಸ್‌ಟೆಂಪ್ ಇವತ್ತಿನ ರೂಪಕ್ಕೆ ಬಂದದ್ದು ಅಮೆರಿಕದ ಶಾಲಾ ಭಾಷಣ ಸ್ಪರ್ಧೆಗಳಲ್ಲಿ. ಅಲ್ಲಿನ ನ್ಯಾಷನಲ್ ಸ್ಪೀಚ್ ಅಂಡ್ ಡಿಬೇಟ್ ಅಸೋಸಿಯೇಷನ್ (1925ರಲ್ಲಿ ನ್ಯಾಷನಲ್ ಫೊರೆನ್ಸಿಕ್ ಲೀಗ್ ಅನ್ನೋ ಹೆಸರಿನಲ್ಲಿ ಶುರುವಾದದ್ದು) ಇಟ್ಟುಕೊಂಡ ಕ್ರಮ ಹೀಗಿದೆ: ಪ್ರಚಲಿತ ವಿದ್ಯಮಾನದ ಮೇಲೆ ಮೂರು ಪ್ರಶ್ನೆಗಳನ್ನು ಚೀಟಿ ಎತ್ತುತ್ತೀರಿ. ಒಂದನ್ನು ಆರಿಸುತ್ತೀರಿ. 30 ನಿಮಿಷ ತಯಾರಿ, 7 ನಿಮಿಷ ಮಾತು. ಅದರ ಮೇಲೆ 30 ಸೆಕೆಂಡ್ ರಿಯಾಯಿತಿ. ಅದನ್ನೂ ದಾಟಿದರೆ ಆ ಸುತ್ತಿನಲ್ಲಿ ನಿಮಗೆ ಮೊದಲ ಸ್ಥಾನ ಕೊಡುವಂತಿಲ್ಲ. ದೇಶದೊಳಗಿನ ವಿಷಯಕ್ಕೆ ಒಂದು ವಿಭಾಗ, ಅಂತರರಾಷ್ಟ್ರೀಯ ವಿಷಯಕ್ಕೆ ಇನ್ನೊಂದು.

ಒಂದು ಕಾಲದಲ್ಲಿ ಸ್ಪರ್ಧಿಗಳು ಪತ್ರಿಕೆಯ ತುಣುಕುಗಳನ್ನು ದೊಡ್ಡ ಪ್ಲಾಸ್ಟಿಕ್ ಡಬ್ಬಗಳಲ್ಲಿ ತುಂಬಿಕೊಂಡು ಹೊತ್ತು ತರುತ್ತಿದ್ದರು. ಈಗ ಲ್ಯಾಪ್‌ಟಾಪ್ ಸಾಕು. ಇಂಟರ್ನೆಟ್ ಬಳಸಬಹುದೇ, ಕೈಯಲ್ಲಿ ಚೀಟಿ ಹಿಡಿಯಬಹುದೇ, ಕೊನೆಗೆ ಪ್ರಶ್ನೋತ್ತರ ಇದೆಯೇ ಅನ್ನೋದು ಸ್ಪರ್ಧೆಯಿಂದ ಸ್ಪರ್ಧೆಗೆ ಬದಲಾಗುತ್ತದೆ. ಮುಂಚೆಯೇ ಕೇಳಿ ಇಟ್ಟುಕೊಳ್ಳಿ. ಸಮಯ ಬೇರೆ ಇದ್ದರೆ ಕೆಳಗಿನ ಲೆಕ್ಕವನ್ನು ಅದಕ್ಕೆ ತಕ್ಕ ಹಾಗೆ ಹಿಗ್ಗಿಸಿ, ಕುಗ್ಗಿಸಿ.

ಬೇಕಾಗುವ ಸಾಮಾನು: ಸೆಕೆಂಡ್ ತೋರಿಸುವ ಗಡಿಯಾರ, ಒಂದು ಖಾಲಿ ಹಾಳೆ, ಅಭ್ಯಾಸಕ್ಕೆ ಫೋನಿನ ರೆಕಾರ್ಡರ್. ಜೊತೆಗೆ ದಿನಾ ಓದಿದ ಒಳ್ಳೆಯ ವರದಿಗಳನ್ನು ವಿಷಯವಾರು ಹಾಕಿಟ್ಟ ಫೋಲ್ಡರ್. ಇಷ್ಟೇ.

ಹಂತ 1: ಪ್ರಶ್ನೆಯನ್ನು ಓದಿ, ಆಮೇಲೆ ಇನ್ನೊಮ್ಮೆ ಓದಿ

ಮೂರು ಪ್ರಶ್ನೆಗಳಲ್ಲಿ ನಿಮಗೆ ಜಾಸ್ತಿ ಮಾಹಿತಿ ಗೊತ್ತಿರುವುದನ್ನು ಆರಿಸಬೇಡಿ. ಉತ್ತರ ಗೊತ್ತಿರುವುದನ್ನು ಆರಿಸಿ. ಎರಡೂ ಒಂದೇ ಅಲ್ಲ. ಮಾಹಿತಿ ಜಾಸ್ತಿ ಇದ್ದರೆ ಅದನ್ನೆಲ್ಲ ಸುರಿಯುವ ಚಪಲ ಬರುತ್ತದೆ.

ಪ್ರಶ್ನೆಯ ಕ್ರಿಯಾಪದದ ಕೆಳಗೆ ಗೆರೆ ಎಳೆಯಿರಿ. ‘ತಡೆಯಬಲ್ಲದೇ’ ಅಂದರೆ ಸಾಮರ್ಥ್ಯದ ಪ್ರಶ್ನೆ. ‘ತಡೆಯುತ್ತದೆಯೇ’ ಅಂದರೆ ಮುಂದಾಗುವುದರ ಅಂದಾಜು. ‘ತಡೆಯಬೇಕೇ’ ಅಂದರೆ ಸರಿ ತಪ್ಪಿನ ಪ್ರಶ್ನೆ. ‘ಹೇಗೆ ತಡೆಯಬಹುದು’ ಅಂದರೆ ದಾರಿ ಹೇಳಬೇಕು. ಒಂದೇ ವಿಷಯ, ನಾಲ್ಕು ಬೇರೆ ಭಾಷಣ.

ಎಚ್ಚರ: ಪ್ರಶ್ನೆಯನ್ನು ನಿಮಗೆ ಬೇಕಾದ ಹಾಗೆ ಬಗ್ಗಿಸಬೇಡಿ. ‘ಬಲ್ಲದೇ’ ಅಂತ ಕೇಳಿದಾಗ ‘ಬೇಕು, ಖಂಡಿತ ಬೇಕು’ ಅಂತ ಏಳು ನಿಮಿಷ ಆವೇಶದಿಂದ ಮಾತಾಡಿದವರನ್ನು ನೋಡಿದ್ದೇನೆ. ಮಾತು ಸೊಗಸಾಗಿತ್ತು. ಕೇಳಿದ್ದು ಒಂದು, ಹೇಳಿದ್ದು ಇನ್ನೊಂದು.

ಹಂತ 2: 30 ನಿಮಿಷವನ್ನು ಹಂಚಿಕೊಳ್ಳಿ

ನಾನು ಹೇಳಿಕೊಡುವ ಹಂಚಿಕೆ ಇದು. ಆಯ್ಕೆಗೆ 2 ನಿಮಿಷ. ಓದುವುದಕ್ಕೆ 10. ಹಾಳೆಯ ಮೇಲೆ ಎಲುಬುಗೂಡು ಬರೆಯಲು 6. ಉಳಿದ 12 ನಿಮಿಷ ಎದ್ದು ನಿಂತು, ಗೋಡೆಗೆ ಮುಖ ಮಾಡಿ, ಬಾಯಿಬಿಟ್ಟು ಮಾತಾಡಿ ನೋಡಲು.

ಆ ಕೊನೆಯ 12 ನಿಮಿಷವನ್ನು ಎಲ್ಲರೂ ಮೊದಲು ಕಳೆದುಕೊಳ್ಳುತ್ತಾರೆ. ‘ಇನ್ನೊಂದೇ ಲೇಖನ’ ಅಂತ ಓದುತ್ತಾ ಕೂತರೆ ನೋಡನೋಡುತ್ತಲೇ 24 ನಿಮಿಷ ಹೋಗಿರುತ್ತದೆ. ಆಗ ಭಾಷಣವನ್ನು ಜೀವನದಲ್ಲಿ ಮೊದಲ ಸಲ ಹೇಳುವುದು ತೀರ್ಪುಗಾರರ ಮುಂದೆಯೇ. ಶುರುವಿನಲ್ಲಿ ನಾನೂ ಹಾಗೇ ಮಾಡುತ್ತಿದ್ದೆ. ಓದಿದ್ದು ತಲೆಯಲ್ಲಿ ಇರುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ.

ಹಂತ 3: ಮೊದಲು ಉತ್ತರ, ಆಮೇಲೆ ಅಂಶಗಳು

ಹಾಳೆಯ ಮೇಲ್ತುದಿಯಲ್ಲಿ ಉತ್ತರವನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಅದರ ಪಕ್ಕ ‘ಯಾಕೆಂದರೆ’ ಅಂತ ಬರೆದು ಖಾಲಿ ಬಿಡಿ. ನಿಮ್ಮ ಒಂದೊಂದು ಅಂಶವೂ ಆ ‘ಯಾಕೆಂದರೆ’ ಮುಂದೆ ಕೂರಬೇಕು. ಕೂರದಿದ್ದರೆ ಅದು ಅಂಶವೇ ಅಲ್ಲ, ಬರೀ ತಲೆಬರಹ.

ಒಂದು ಪ್ರಶ್ನೆ ಹಿಡಿದು ಪೂರ್ತಿ ಮಾಡಿ ನೋಡೋಣ: ‘ಜಪಾನ್ ತನ್ನ ಜನಸಂಖ್ಯೆಯ ಕುಸಿತವನ್ನು ತಡೆಯಬಲ್ಲದೇ?’

ಸಾಮಾನ್ಯವಾಗಿ ಬರುವ ಹಾಳೆ ಹೀಗಿರುತ್ತದೆ: 1) ಹಿನ್ನೆಲೆ, 2) ಈಗಿನ ಸ್ಥಿತಿ, 3) ಮುಂದಿನ ದಾರಿ. ಇಲ್ಲವೇ: 1) ಆರ್ಥಿಕ, 2) ಸಾಮಾಜಿಕ, 3) ರಾಜಕೀಯ. ಇವು ಬುಟ್ಟಿಗಳು. ಯಾವ ಪ್ರಶ್ನೆ ಬಂದರೂ ಇದೇ ಬುಟ್ಟಿ ಇಡಬಹುದು, ಅದೇ ಅದರ ತೊಂದರೆ. ‘ತಡೆಯಲಾರದು, ಯಾಕೆಂದರೆ ಹಿನ್ನೆಲೆ’ ಅಂತ ಓದಿ ನೋಡಿ. ಅರ್ಥವಾಗುತ್ತದೆಯೇ?

ಈಗ ಇದನ್ನು ನೋಡಿ. ಉತ್ತರ: ತಡೆಯಲಾರದು, ವೇಗ ತಗ್ಗಿಸಬಹುದು ಅಷ್ಟೆ. ಯಾಕೆಂದರೆ:

ಒಂದು, ಸಹಾಯಧನ ಸಿಗುವುದು ಮಗು ಹುಟ್ಟಿದ ಮೇಲೆ, ಸಮಸ್ಯೆ ಇರುವುದು ಮದುವೆಯೇ ಆಗದಿರುವುದರಲ್ಲಿ.

ಎರಡು, ತಾಯಂದಿರಾಗುವ ವಯಸ್ಸಿನ ಹೆಂಗಸರ ಸಂಖ್ಯೆಯೇ ಇಳಿದುಹೋಗಿದೆ. 1970ರ ದಶಕದ ಮೊದಲ ವರ್ಷಗಳಲ್ಲಿ ಅಲ್ಲಿ ವರ್ಷಕ್ಕೆ ಸುಮಾರು 20 ಲಕ್ಷ ಮಕ್ಕಳು ಹುಟ್ಟುತ್ತಿದ್ದರು. ಆ ತಲೆಮಾರಿಗೆ ಈಗ ಐವತ್ತು ದಾಟಿದೆ. ಅವರ ಹಿಂದೆ ಬಂದ ತಲೆಮಾರು ಚಿಕ್ಕದು. ತಲಾ ಹೆರಿಗೆ ಸ್ವಲ್ಪ ಏರಿದರೂ ಒಟ್ಟು ಮಕ್ಕಳ ಸಂಖ್ಯೆ ಏರುವುದು ಕಷ್ಟ.

ಮೂರು, ಹೊರಗಿನಿಂದ ಬರುವವರು ಆ ಗುಂಡಿ ತುಂಬುವಷ್ಟಿಲ್ಲ. 2024ರಲ್ಲಿ ಜಪಾನೀಯರಲ್ಲಿ ಹುಟ್ಟಿದವರಿಗಿಂತ ಸತ್ತವರು ಒಂಬತ್ತು ಲಕ್ಷಕ್ಕೂ ಜಾಸ್ತಿ. ಅದೇ ವರ್ಷ ಅಲ್ಲಿ ನೆಲೆಸಿದ ವಿದೇಶಿಯರ ಸಂಖ್ಯೆ ಏರಿದ್ದು ಸುಮಾರು ಮೂರೂವರೆ ಲಕ್ಷ.

ಮೂರೂ ‘ಯಾಕೆಂದರೆ’ ಮುಂದೆ ಸರಾಗವಾಗಿ ಕೂತವು, ಅಲ್ವಾ? ಇನ್ನೊಂದು ಪರೀಕ್ಷೆ ಮಾಡಿ. ಒಂದು ಅಂಶವನ್ನು ಬೆರಳಿನಿಂದ ಮುಚ್ಚಿ. ಉಳಿದ ಎರಡು ಅದನ್ನೇ ಬೇರೆ ಮಾತಿನಲ್ಲಿ ಹೇಳುತ್ತಿವೆಯೇ? ಹೇಳುತ್ತಿದ್ದರೆ ನಿಮ್ಮ ಹತ್ತಿರ ಇರುವುದು ಎರಡೇ ಅಂಶ. ಎರಡೇ ಇದ್ದರೂ ಪರವಾಗಿಲ್ಲ. ಮೂರು ಇರಲೇಬೇಕು ಅಂತ ಎಲ್ಲೂ ನಿಯಮವಿಲ್ಲ. ಎಲ್ಲರೂ ಮೂರು ಮಾಡುತ್ತಾರೆ, ಹಾಗಾಗಿ ನಿಯಮದ ಹಾಗೆ ಕಾಣುತ್ತದೆ. ಬಲವಂತದ ಮೂರನೆಯದಕ್ಕಿಂತ ಗಟ್ಟಿಯಾದ ಎರಡು ಮೇಲು.

ಅಂಶಗಳ ಕ್ರಮದ ಬಗ್ಗೆ ಒಂದು ಮಾತು. ನಮ್ಮ ಉದಾಹರಣೆಯಲ್ಲಿ ಎರಡನೆಯದು ಬಲವಾದದ್ದು, ಆದರೆ ಅರ್ಥ ಮಾಡಿಕೊಳ್ಳಲು ಸ್ವಲ್ಪ ಕಷ್ಟ. ಅದಕ್ಕೇ ಅದನ್ನು ನಡುವೆ ಇಟ್ಟಿದ್ದು. ಮೊದಲನೆಯದು ಕೇಳಿದ ಕೂಡಲೇ ತಲೆಗೆ ಹತ್ತುವಂಥದ್ದಾಗಿರಲಿ. ‘ಹಾಗಾದರೆ ಹೊರಗಿನವರನ್ನು ಕರೆಸಿಕೊಳ್ಳಬಹುದಲ್ಲ’ ಅನ್ನೋ ಆಕ್ಷೇಪಕ್ಕೆ ಉತ್ತರ ಮೂರನೆಯದರಲ್ಲಿದೆ. ಕೇಳುವವರ ಮನಸ್ಸಿಗೆ ಆ ಆಕ್ಷೇಪ ಬರುವ ಹೊತ್ತಿಗೆ ಸರಿಯಾಗಿ ಉತ್ತರ ಸಿಕ್ಕರೆ ಭಾಷಣ ಗಟ್ಟಿಯಾಯಿತು.

ಹಂತ 4: ಒಂದು ಅಂಶದ ಒಳಗೆ ಏನಿರಬೇಕು

ಒಂದೊಂದು ಅಂಶಕ್ಕೂ ನಾಲ್ಕು ಕೆಲಸ. ಹೇಳಿಕೆ. ಅದಕ್ಕೆ ಆಧಾರ. ಆ ಆಧಾರದಿಂದ ಹೇಳಿಕೆ ಹೇಗೆ ನಿಲ್ಲುತ್ತದೆ ಅನ್ನೋ ವಿವರಣೆ. ಕೊನೆಗೆ ಪ್ರಶ್ನೆಗೆ ಮತ್ತೆ ಕಟ್ಟುವ ಒಂದು ವಾಕ್ಯ. ಮೊದಲನೇ ಅಂಶವನ್ನು ಬಾಯಿಯಲ್ಲಿ ಹೇಳುವ ಹಾಗೆಯೇ ಬರೆದು ತೋರಿಸುತ್ತೇನೆ:

“ಮೊದಲನೆಯ ಕಾರಣ. ಸರ್ಕಾರದ ಹಣ ಸಿಗುವುದು ಮಗು ಹುಟ್ಟಿದ ಮೇಲೆ. ಸಮಸ್ಯೆ ಶುರುವಾಗುವುದು ಅದಕ್ಕೂ ಮೊದಲು. ಜಪಾನಿನಲ್ಲಿ ಮದುವೆಯಾಗದವರಿಗೆ ಹುಟ್ಟುವ ಮಕ್ಕಳು ನೂರಕ್ಕೆ ಎರಡೋ ಮೂರೋ. ಅಂದಮೇಲೆ ಮದುವೆ ಕಡಿಮೆಯಾದರೆ ಮಕ್ಕಳೂ ಕಡಿಮೆ. 1972ರಲ್ಲಿ ಅಲ್ಲಿ ಸುಮಾರು ಹನ್ನೊಂದು ಲಕ್ಷ ಮದುವೆ ನಡೆದವು. ಅಲ್ಲಿನ ಆರೋಗ್ಯ ಸಚಿವಾಲಯದ ಲೆಕ್ಕದಲ್ಲಿ 2023ರಲ್ಲಿ ನಡೆದದ್ದು ಐದು ಲಕ್ಷಕ್ಕೂ ಕಡಿಮೆ. ಮಕ್ಕಳಿರುವ ಮನೆಗೆ ಕೊಡುವ ಭತ್ಯೆ ಮದುವೆಯೇ ಆಗದವರ ಕೈಗೆ ಸೇರುವುದಿಲ್ಲ. ಬುಡ ಒಣಗಿದೆ, ನೀರು ಎಲೆಗೆ ಬೀಳುತ್ತಿದೆ. ಭತ್ಯೆ ಎಷ್ಟೇ ಏರಿಸಿದರೂ ಈ ದಾರಿಯಲ್ಲಿ ಕುಸಿತ ನಿಲ್ಲುವುದಿಲ್ಲ.”

ಇದರಲ್ಲಿ ಅಂಕಿ ಅಂಶ ಎಷ್ಟಿದೆ ಎಣಿಸಿ. ಮೂರೇ. ಹೆಚ್ಚಿನವರು ಇಲ್ಲಿ ಎಂಟು ಅಂಕಿ ಹಾಕಿ, ‘ಮಕ್ಕಳಿರುವ ಮನೆಗೆ ಕೊಡುವ ಭತ್ಯೆ ಮದುವೆಯೇ ಆಗದವರ ಕೈಗೆ ಸೇರುವುದಿಲ್ಲ’ ಅನ್ನೋ ವಾಕ್ಯವನ್ನು ಬಿಟ್ಟುಬಿಡುತ್ತಾರೆ. ಆದರೆ ಇಡೀ ಅಂಶ ನಿಂತಿರುವುದು ಆ ವಾಕ್ಯದ ಮೇಲೆಯೇ. ಅಂಕಿ ಯಾವ ಪತ್ರಿಕೆಯಲ್ಲಾದರೂ ಸಿಗುತ್ತದೆ, ಕೊಂಡಿ ಹಾಕುವ ಕೆಲಸ ನಿಮ್ಮದು. ತೀರ್ಪುಗಾರರು ‘ವಿಶ್ಲೇಷಣೆ’ ಅನ್ನುವುದು ಈ ಕೊಂಡಿಗೇ.

ಎಚ್ಚರ: ‘ಇದರಿಂದ ಸ್ಪಷ್ಟವಾಗುತ್ತದೆ’ ಅನ್ನೋ ಮಾತು ಬಾಯಿಗೆ ಬಂದಾಗಲೆಲ್ಲ ನಿಲ್ಲಿ. ಸಾಮಾನ್ಯವಾಗಿ ಆ ಜಾಗದಲ್ಲಿ ಏನೂ ಸ್ಪಷ್ಟವಾಗಿರುವುದಿಲ್ಲ, ವಿವರಣೆ ತಪ್ಪಿಸಿಕೊಂಡಿರುತ್ತದೆ.

ಹಂತ 5: ಪೀಠಿಕೆ

ಪೀಠಿಕೆಯನ್ನು ಕೊನೆಗೆ ಬರೆಯಿರಿ. ಉತ್ತರ ಗಟ್ಟಿಯಾದ ಮೇಲೆಯೇ ಅದಕ್ಕೆ ಹೊಂದುವ ಬಾಗಿಲು ಇಡಲು ಆಗುವುದು.

ಇದಕ್ಕೆ ಸಿಗುವುದು 70 ಸೆಕೆಂಡ್. ಅಷ್ಟರಲ್ಲಿ ಐದು ಕೆಲಸ ಆಗಬೇಕು: ಕಿವಿ ಸೆಳೆಯುವ ಒಂದು ಸಂಗತಿ, ಅದರಿಂದ ವಿಷಯಕ್ಕೆ ಸೇತುವೆ, ಇದು ಯಾಕೆ ಮುಖ್ಯ ಅನ್ನೋ ಒಂದೆರಡು ವಾಕ್ಯ, ಪ್ರಶ್ನೆ ಮತ್ತು ಉತ್ತರ, ಕೊನೆಗೆ ಮುನ್ನೋಟ. ಮುನ್ನೋಟ ಅಂದರೆ ಮುಂದೆ ಬರುವ ಅಂಶಗಳನ್ನು ಒಂದೊಂದು ತುಂಡು ವಾಕ್ಯದಲ್ಲಿ ಮೊದಲೇ ಹೇಳುವುದು. ಪ್ರಿವ್ಯೂ ಅಂತಲೂ ಕರೆಯುತ್ತಾರೆ.

ಪ್ರಶ್ನೆಯನ್ನು ಚೀಟಿಯಲ್ಲಿದ್ದ ಹಾಗೆ, ಅಕ್ಷರ ಬದಲಿಸದೆ ಹೇಳಿ. ಹೇಳಿ ಒಂದು ಕ್ಷಣ ನಿಲ್ಲಿ. ಆಮೇಲೆ ಉತ್ತರ. ತೀರ್ಪುಗಾರರು ಪ್ರಶ್ನೆ ಬರೆದುಕೊಳ್ಳುತ್ತಿರುತ್ತಾರೆ, ಅವರ ಪೆನ್ನು ನಿಲ್ಲಲಿ.

ಕಿವಿ ಸೆಳೆಯಲು ಏನು ಹೇಳಬೇಕು? ವಿಷಯದ ಒಳಗಿನದೇ ಆದ ಚಿಕ್ಕ ಸಂಗತಿ ಎಲ್ಲಕ್ಕಿಂತ ಒಳ್ಳೆಯದು. ನಮ್ಮ ಉದಾಹರಣೆಗೆ: “1899ರಿಂದ ಜಪಾನ್ ತನ್ನಲ್ಲಿ ಹುಟ್ಟಿದ ಮಕ್ಕಳ ಲೆಕ್ಕ ಇಡುತ್ತಾ ಬಂದಿದೆ. ಆ ಪುಸ್ತಕದಲ್ಲಿ 2024ರ ಪುಟಕ್ಕೆ ಬಂದಾಗ, ಮೊದಲ ಸಲ, ಸಂಖ್ಯೆ ಏಳು ಲಕ್ಷಕ್ಕಿಂತ ಕೆಳಗೆ ಇಳಿದಿತ್ತು.” ಇಷ್ಟು ಸಾಕು.

ಎಚ್ಚರ: ಡಬ್ಬಿ ಪೀಠಿಕೆ. ಮನೆಯಲ್ಲೇ ಬಾಯಿಪಾಠ ಮಾಡಿಟ್ಟುಕೊಂಡ ಒಂದು ಕತೆ ಅಥವಾ ಜೋಕನ್ನು ಯಾವ ಪ್ರಶ್ನೆ ಬಂದರೂ ಅದರ ತಲೆಗೆ ಕಟ್ಟುವುದು. ತೀರ್ಪುಗಾರರು ದಿನವಿಡೀ ಇದನ್ನೇ ಕೇಳುತ್ತಿರುತ್ತಾರೆ, ವಾಸನೆ ಬೇಗ ಹತ್ತುತ್ತದೆ. ಮೊದಲ ಸುತ್ತಿನಲ್ಲಿ ಹೇಳಿದ ಆಮೆಯ ಕತೆಯನ್ನೇ ಮೂರನೇ ಸುತ್ತಿನಲ್ಲಿ ಬೇರೆ ದೇಶಕ್ಕೆ ಹೊಂದಿಸಿ ಹೇಳಿದರೆ, ಅದೇ ತೀರ್ಪುಗಾರರು ಕೂತಿದ್ದರೆ ನಿಮ್ಮ ಗತಿ ಊಹಿಸಿಕೊಳ್ಳಿ.

ಹಂತ 6: ಆಧಾರ ಹೇಳುವ ರೀತಿ

ಏಳು ನಿಮಿಷಕ್ಕೆ ಆರೇಳು ಆಧಾರ ಸಾಕು. ಪತ್ರಿಕೆ ಅಥವಾ ಸಂಸ್ಥೆಯ ಹೆಸರು, ತಿಂಗಳು, ವರ್ಷ. ಸ್ಪರ್ಧೆ ದಿನಾಂಕವನ್ನೂ ಕೇಳಿದರೆ ಅದನ್ನೂ ಹೇಳಿ. ಒಂದೇ ಮೂಲದಿಂದ ನಾಲ್ಕು ಸಲ ಹೇಳಿದರೆ ಒಂದೇ ಲೇಖನ ಓದಿ ಬಂದಿದ್ದೀರಿ ಅಂತ ಗೊತ್ತಾಗಿಬಿಡುತ್ತದೆ.

ಪ್ರತಿ ಸಲ ‘ಇಂಥವರ ಪ್ರಕಾರ’ ಅಂತಲೇ ಶುರು ಮಾಡಬೇಡಿ. ಮೂಲವನ್ನು ವಾಕ್ಯದ ನಡುವೆ ತನ್ನಿ, ಕೊನೆಗೆ ತನ್ನಿ. ‘ಇಂಥ ವರದಿ ಲೆಕ್ಕ ಹಾಕಿ ನೋಡಿತು’, ‘ಎಚ್ಚರಿಸಿತು’, ‘ಒಪ್ಪಿಕೊಂಡಿತು’ ಅಂತ ಕ್ರಿಯಾಪದ ಬದಲಿಸಿ. ಎಚ್ಚರಿಸುವುದಕ್ಕೂ ಒಪ್ಪಿಕೊಳ್ಳುವುದಕ್ಕೂ ಅರ್ಥ ಬೇರೆ, ಅದನ್ನೂ ಸರಿಯಾಗಿ ಬಳಸಿ.

ಸಂಖ್ಯೆಯನ್ನು ಕಿವಿಗೆ ತಕ್ಕ ಹಾಗೆ ದುಂಡಗೆ ಮಾಡಿ. 2023ರಲ್ಲಿ ಜಪಾನಿನಲ್ಲಿ ಹುಟ್ಟಿದ ಮಕ್ಕಳು 7,27,288. ಹಾಳೆಯಲ್ಲಿ ಹಾಗೇ ಇರಲಿ. ಬಾಯಲ್ಲಿ ‘ಏಳೂಕಾಲು ಲಕ್ಷ’ ಅನ್ನಿ.

ಎಚ್ಚರ: ನೆನಪಾಗದ ದಿನಾಂಕವನ್ನು ಕಟ್ಟಿ ಹೇಳಬೇಡಿ. ಇಲ್ಲದ ಆಧಾರವನ್ನು ಇದೆ ಅಂತ ಹೇಳಿ ಸಿಕ್ಕಿಬಿದ್ದರೆ ಸ್ಪರ್ಧೆಯಿಂದಲೇ ಹೊರಗೆ ಹಾಕಬಹುದು. ಮರೆತರೆ ‘ಇತ್ತೀಚಿನ ಸರ್ಕಾರಿ ಲೆಕ್ಕದಲ್ಲಿ’ ಅಂತ ಹೇಳಿ ಮುಂದೆ ಹೋಗಿ. ಅರ್ಧ ಅಂಕ ಹೋದರೂ ಪರವಾಗಿಲ್ಲ.

ಹಂತ 7: ಅಂಶದಿಂದ ಅಂಶಕ್ಕೆ ದಾಟುವುದು

‘ಈಗ ಎರಡನೇ ಅಂಶಕ್ಕೆ ಬರೋಣ’ ಅನ್ನುವುದು ದಾಟುವುದಲ್ಲ, ಹಾರುವುದು. ಹಿಂದಿನದರ ಬಾಲವನ್ನು ಮುಂದಿನದರ ತಲೆಗೆ ಕಟ್ಟಬೇಕು. “ಸರಿ, ನಾಳೆಯೇ ಎಲ್ಲರೂ ಮದುವೆಯಾದರು ಅಂದುಕೊಳ್ಳೋಣ. ಆಗಲೂ ಲೆಕ್ಕ ಕೂಡುವುದಿಲ್ಲ. ಯಾಕೆಂದರೆ ಆ ‘ಎಲ್ಲರೂ’ ಎಷ್ಟು ಜನ?” ಹೀಗೆ ಬಂದರೆ ಎರಡನೇ ಅಂಶ ತಾನಾಗಿ ಬೇಕು ಅನ್ನಿಸುತ್ತದೆ. ಈ ಎರಡು ದಾಟುವ ವಾಕ್ಯಗಳನ್ನು ಮಾತ್ರ ಪೂರ್ತಿ ಬಾಯಿಪಾಠ ಮಾಡಿ. ಉತ್ತರದ ವಾಕ್ಯ, ಭಾಷಣದ ಕೊನೆಯ ವಾಕ್ಯ, ಇವನ್ನೂ ಅಷ್ಟೆ. ಬೇರೆ ಏನನ್ನೂ ಬಾಯಿಪಾಠ ಮಾಡಬೇಡಿ. ಒಂದು ಪದ ತಪ್ಪಿದರೆ ಇಡೀ ಸರಪಳಿ ಕಳಚುತ್ತದೆ.

ಹಂತ 8: ಶೈಲಿ

ಇಲ್ಲಿ ಕನ್ನಡದಲ್ಲಿ ಮಾತಾಡುವವರಿಗೆ ಒಂದು ವಿಶೇಷ ಕಷ್ಟ ಇದೆ. ನಮ್ಮ ಭಾಷೆಯಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ವಾಕ್ಯ ಉದ್ದವಾದಷ್ಟೂ ಏನಾಯಿತು ಅಂತ ತಿಳಿಯಲು ಕೇಳುವವರು ಕಾಯುತ್ತಾ ಕೂರಬೇಕು. ಓದುವಾಗ ಕಣ್ಣು ಹಿಂದೆ ಹೋಗಿ ಬರಬಹುದು, ಕಿವಿಗೆ ಆ ಸೌಲಭ್ಯವಿಲ್ಲ. ಇದರ ಜೊತೆ ವೇದಿಕೆ ಹತ್ತಿದ ಕೂಡಲೇ ಬಾಯಿಗೆ ಅಂಟಿಕೊಳ್ಳುವ ಕೆಲವು ಪದಗಳಿವೆ. ಒಂದು ಮಾದರಿ:

“ಜಪಾನ್ ದೇಶದಲ್ಲಿ ಏನು ಈ ಜನಸಂಖ್ಯೆ ಅನ್ನತಕ್ಕಂಥದ್ದು ಇದೆಯಲ್ಲ, ಅದು ಇವತ್ತಿನ ದಿನಮಾನಗಳಲ್ಲಿ ಒಂದು ಗಂಭೀರವಾದ ಸ್ವರೂಪವನ್ನು ಪಡೆದುಕೊಂಡಿರುವಂಥದ್ದನ್ನು ನಾವು ಕಾಣಬಹುದಾಗಿದೆ.”

ಹತ್ತು ಸೆಕೆಂಡ್ ಹೋಯಿತು. ಹೇಳಿದ್ದು ಏನೂ ಇಲ್ಲ. ‘ಅನ್ನತಕ್ಕಂಥದ್ದು’, ‘ಇರುವಂಥದ್ದು’, ‘ಏನಿದೆಯಲ್ಲ’, ‘ಒಂದು’, ‘ಆ ನಿಟ್ಟಿನಲ್ಲಿ’, ‘ಕಾಣಬಹುದಾಗಿದೆ’. ಇವೆಲ್ಲ ಮುಂದಿನ ಮಾತು ಹುಡುಕಲು ಸಮಯ ಕೊಳ್ಳುವ ತಂತ್ರ. ತೆಗೆದುಹಾಕಿದರೆ ಉಳಿಯುವುದು:

“ಜಪಾನಿನಲ್ಲಿ ಜನ ಕಡಿಮೆಯಾಗುತ್ತಿದ್ದಾರೆ. 2011ರಿಂದ ಈಚೆಗೆ ಪ್ರತಿ ವರ್ಷವೂ.”

ನಾಲ್ಕು ಸೆಕೆಂಡ್. ಉಳಿದ ಆರನ್ನು ಮೌನಕ್ಕೆ ಕೊಟ್ಟರೂ ಲಾಭವೇ. ಸುಮ್ನೆ ನಿಲ್ಲುವುದು ಮಾತಾಡುವವರಿಗೆ ಒಂದು ಯುಗದ ಹಾಗೆ ಅನ್ನಿಸುತ್ತದೆ, ಕೇಳುವವರಿಗೆ ಉಸಿರಾಡುವಷ್ಟು ಹೊತ್ತು.

ಪದಗಳ ವಿಷಯದಲ್ಲೂ ಹಾಗೇ. ‘ಜನಸಂಖ್ಯಾ ಕ್ಷೀಣತೆಯ ಬಹುಮುಖಿ ಆಯಾಮಗಳು’ ಅಂದರೆ ವಿದ್ವತ್ತು ಕಾಣುತ್ತದೆ ಅನ್ನೋ ಭ್ರಮೆ ಇದೆ. ‘ಶಾಲೆಗೆ ಮಕ್ಕಳಿಲ್ಲ, ಕಾರ್ಖಾನೆಗೆ ಕೆಲಸಗಾರರಿಲ್ಲ’ ಅಂದರೆ ಚಿತ್ರ ಕಾಣುತ್ತದೆ. ಇಡೀ ಭಾಷಣದಲ್ಲಿ ಒಂದೆರಡು ಹೋಲಿಕೆ ಸಾಕು. ‘ಬುಡ ಒಣಗಿದೆ’ ಅಂದಾದ ಮೇಲೆ ಮುಂದಿನ ಅಂಶದಲ್ಲಿ ಹಡಗು ಮುಳುಗಿಸಿ, ಅದರ ಮುಂದಿನದರಲ್ಲಿ ಮನೆಗೆ ಬೆಂಕಿ ಹಚ್ಚಬೇಡಿ.

ಹಾಸ್ಯ ಬಂದರೆ ಬರಲಿ. ಬರದಿದ್ದರೆ ಬಿಡಿ. ಜನ ಸಾಯುತ್ತಿರುವ ವಿಷಯವಾದರೆ ಪ್ರಯತ್ನವೂ ಬೇಡ.

ದನಿ, ಕೈ, ಕಾಲುಗಳಿಗೆ ಬರೋಣ. ಭಾಷಣದ ಪೂರ್ತಿ ಒಂದೇ ವೇಗ ಬೇಡ. ಆಧಾರ ಹೇಳುವಾಗ ಸ್ವಲ್ಪ ಬೇಗ, ಕೊಂಡಿ ಹಾಕುವಾಗ ನಿಧಾನ. ಹೆಚ್ಚಿನವರು ತಿರುಗಾಮುರುಗಾ ಮಾಡುತ್ತಾರೆ. ಸ್ಪರ್ಧಿಗಳು ನಡೆಯುವ ಒಂದು ಸಂಪ್ರದಾಯವಿದೆ, ತ್ರಿಕೋನ ನಡಿಗೆ ಅನ್ನಬಹುದು: ಪೀಠಿಕೆಗೆ ನಡುವೆ ನಿಲ್ಲುವುದು, ಮೊದಲ ಅಂಶಕ್ಕೆ ಒಂದು ಪಕ್ಕಕ್ಕೆ, ಎರಡನೆಯದಕ್ಕೆ ಮತ್ತೆ ನಡುವಿಗೆ, ಮೂರನೆಯದಕ್ಕೆ ಇನ್ನೊಂದು ಪಕ್ಕಕ್ಕೆ, ಮುಕ್ತಾಯಕ್ಕೆ ಶುರುವಾದ ಜಾಗಕ್ಕೆ. ಇದು ಅಂದಕ್ಕಾಗಿ ಇರುವುದಲ್ಲ, ಅಂಶ ಬದಲಾಯಿತು ಅಂತ ಕಣ್ಣಿಗೆ ತೋರಿಸಲು. ದಾಟುವ ವಾಕ್ಯ ಹೇಳುತ್ತಾ ಎರಡು ಮೂರು ಹೆಜ್ಜೆ ನಡೆಯಿರಿ, ಹೇಳಿಕೆ ಶುರುವಾಗುವ ಹೊತ್ತಿಗೆ ನಿಂತಿರಿ. ಬೋನಿನ ಹುಲಿಯ ಹಾಗೆ ಓಡಾಡುವುದಕ್ಕಿಂತ ನಡೆಯದೇ ಇರುವುದು ಎಷ್ಟೋ ಮೇಲು.

ಕೈ ಏನು ಮಾಡಬೇಕು ಅಂತ ತುಂಬಾ ಜನ ಕೇಳುತ್ತಾರೆ. ಏನೂ ಮಾಡಬೇಕಾಗಿಲ್ಲ. ಪಕ್ಕದಲ್ಲಿ ಬಿಡಿ. ಬೇಕಾದಾಗ ಅದೇ ಏಳುತ್ತದೆ.

ಹಂತ 9: ಗಡಿಯಾರ

ಪೀಠಿಕೆ 70 ಸೆಕೆಂಡ್. ಒಂದೊಂದು ಅಂಶಕ್ಕೆ 95ರಂತೆ ಮೂರಕ್ಕೆ 285. ಮುಕ್ತಾಯ 40. ಒಟ್ಟು 395 ಸೆಕೆಂಡ್, ಅಂದರೆ ಆರೂವರೆ ನಿಮಿಷದ ಮೇಲೆ ಸ್ವಲ್ಪ. ಉಳಿದ 25 ಸೆಕೆಂಡ್ ತಡವರಿಕೆಗೆ, ನಗುವಿಗೆ, ಕೆಮ್ಮಿಗೆ.

ಸಮಯ ನೋಡುವವರು ಕೈ ಬೆರಳಿನಿಂದ ಉಳಿದ ನಿಮಿಷ ತೋರಿಸುತ್ತಾರೆ. ಯಾವ ಬೆರಳಿಗೆ ನೀವು ಎಲ್ಲಿರಬೇಕು ಅಂತ ಮೊದಲೇ ಗೊತ್ತಿರಲಿ. ನಾಲ್ಕು ನಿಮಿಷ ಉಳಿದಾಗ ಎರಡನೇ ಅಂಶ ಶುರುವಾಗಿರಬೇಕು. ಎರಡು ಉಳಿದಾಗ ಮೂರನೆಯದರ ಒಳಗಿರಬೇಕು. ತಡವಾಗಿದ್ದರೆ ಮೂರನೇ ಅಂಶದ ಎರಡನೇ ಆಧಾರವನ್ನು ಬಿಟ್ಟುಬಿಡಿ. ಮುಕ್ತಾಯವನ್ನು ಮಾತ್ರ ಕತ್ತರಿಸಬೇಡಿ.

ಹಂತ 10: ಮುಕ್ತಾಯ ಮತ್ತು ಪ್ರಶ್ನೋತ್ತರ

ಪ್ರಶ್ನೆ ಮತ್ತೊಮ್ಮೆ, ಉತ್ತರ ಮತ್ತೊಮ್ಮೆ, ಮೂರು ಕಾರಣ ಮೂರು ತುಂಡಿನಲ್ಲಿ. ಆಮೇಲೆ ಪೀಠಿಕೆಯ ಸಂಗತಿಗೆ ಒಂದು ವಾಕ್ಯದಲ್ಲಿ ವಾಪಸ್. ನಮ್ಮ ಉದಾಹರಣೆಯಲ್ಲಿ ಆ 1899ರ ಲೆಕ್ಕದ ಪುಸ್ತಕಕ್ಕೆ. ಹೊಸ ಮಾಹಿತಿ ತರಬೇಡಿ. ಎಷ್ಟೋ ಜನ ಪಾಪ, ಒಳ್ಳೆಯ ಆಧಾರವೊಂದು ಆಗ ನೆನಪಾಗಿ ಮುಕ್ತಾಯದಲ್ಲಿ ತುರುಕುತ್ತಾರೆ.

ಕೆಲವು ಸುತ್ತುಗಳಲ್ಲಿ ಇನ್ನೊಬ್ಬ ಸ್ಪರ್ಧಿ ಎದ್ದು ಪ್ರಶ್ನೆ ಕೇಳುತ್ತಾರೆ. ಮೊದಲ ವಾಕ್ಯದಲ್ಲೇ ಹೌದೋ ಇಲ್ಲವೋ ಹೇಳಿ, ಆಮೇಲೆ ವಿವರಿಸಿ. ಉತ್ತರ ಕೊಡುವಾಗ ತೀರ್ಪುಗಾರರ ಕಡೆಗೂ ನೋಡಿ. ಗೊತ್ತಿಲ್ಲದಿದ್ದರೆ ‘ಆ ಅಂಕಿ ನನ್ನ ಹತ್ತಿರ ಇಲ್ಲ, ಆದರೆ ಅದು ಎಷ್ಟಿದ್ದರೂ ನನ್ನ ವಾದ ಈ ಕಾರಣಕ್ಕೆ ನಿಲ್ಲುತ್ತದೆ’ ಅನ್ನಬಹುದು. ಆ ‘ಈ ಕಾರಣಕ್ಕೆ’ ನಿಜವಾಗಿ ಇದ್ದರೆ ಮಾತ್ರ.

ಹಂತ 11: ಅಭ್ಯಾಸ

ವಾರಕ್ಕೆ ಎರಡು ಪೂರ್ತಿ ಭಾಷಣ ಸಾಕು. ಉಳಿದ ದಿನ ತುಂಡು ಅಭ್ಯಾಸ. ದಿನಕ್ಕೆ ಐದು ಪ್ರಶ್ನೆ ತೆಗೆದುಕೊಂಡು ಒಂದೊಂದಕ್ಕೂ ಮೂರು ನಿಮಿಷದಲ್ಲಿ ಉತ್ತರ ಮತ್ತು ‘ಯಾಕೆಂದರೆ’ಗಳನ್ನು ಮಾತ್ರ ಬರೆಯಿರಿ. ಭಾಷಣ ಬೇಡ. ರಚನೆಗೆ ಇದಕ್ಕಿಂತ ಒಳ್ಳೆಯ ವ್ಯಾಯಾಮ ನನಗೆ ಗೊತ್ತಿಲ್ಲ.

ಶೈಲಿಗೆ: ನಿಮ್ಮ ರೆಕಾರ್ಡಿಂಗಿನ ಯಾವುದಾದರೂ ಒಂದು ನಿಮಿಷವನ್ನು ಕೇಳಿ, ಬಾಯಿಂದ ಬಂದದ್ದನ್ನು ಬಂದ ಹಾಗೆ ಬರೆಯಿರಿ. ‘ಅಂದರೆ’, ‘ಸೋ’, ‘ಆಕ್ಚುಲಿ’, ‘ಅಂಥದ್ದು’ ಎಲ್ಲ ಸೇರಿಸಿ. ಬರೆಯುವಾಗ ನಾಚಿಕೆಯಾಗುತ್ತದೆ. ಆಮೇಲೆ ಆ ಪುಟವನ್ನು ಅರ್ಧಕ್ಕೆ ಇಳಿಸಿ, ಅದೇ ಅರ್ಥ ಬರುವ ಹಾಗೆ, ಮತ್ತೆ ಜೋರಾಗಿ ಹೇಳಿ.

ಇನ್ನೊಂದು ಪರೀಕ್ಷೆ ತಿಂಗಳಿಗೊಮ್ಮೆ ಮಾಡಿ. ರೆಕಾರ್ಡಿಂಗಿನಲ್ಲಿ ಪೀಠಿಕೆಯನ್ನೂ ಮುಕ್ತಾಯವನ್ನೂ ಬಿಟ್ಟು ನಡುವಿನ ಭಾಗವನ್ನು ಮಾತ್ರ ಯಾರಿಗಾದರೂ ಕೇಳಿಸಿ. ಪ್ರಶ್ನೆ ಏನಿತ್ತು ಅಂತ ಅವರು ಊಹಿಸಲಿ. ‘ಏನೋ ಜಪಾನ್ ಬಗ್ಗೆ’ ಅಂದರೆ ಮೂರನೇ ಹಂತಕ್ಕೆ ವಾಪಸ್ ಹೋಗಿ. ‘ಜಪಾನ್ ಜನಸಂಖ್ಯೆ ಇಳಿಯೋದನ್ನ ನಿಲ್ಲಿಸೋಕಾಗುತ್ತಾ ಅಂತ ಕೇಳಿದ್ರಾ?’ ಅಂದರೆ ರಚನೆ ಬಂದಿದೆ, ಇನ್ನು ಎಂಟನೇ ಹಂತದಲ್ಲಿ ಸಮಯ ಕಳೆಯಬಹುದು.